ಸಹಾಯ ಬೇಕು: ಫಾಯಿಲ್ ಒತ್ತಿದ ಮುಖಪುಟಗಳ ಪ್ರತಿ ತೆಗೆಯುವುದು ಹೇಗೆ?
ಗೆಳೆಯರೇ, ಫ್ಯಾಂಟಸಿ ಕಾದಂಬರಿಗಳ ಮೊದಲ ಸಾಲು ಮತ್ತು ಮುಖಪುಟಗಳ ಪ್ರದರ್ಶನಕ್ಕೆ ತಯಾರಿ ನಡೆದಿದೆ. ಎ3 ಹಾಳೆಯ ಮೇಲೆ ಸಾಲು ಮಾತ್ರ; ಎತ್ತಿದರೆ ಅಡಿಯಲ್ಲಿ ಮುಖಪುಟ. ಓದುಗರು ಮೊದಲು ಸಾಲಿಗೇ ಮರುಳಾಗಬೇಕು.

ಸಾದಾ ಮುಖಪುಟಗಳು ಸ್ಕ್ಯಾನರ್‌ನಲ್ಲಿ 600 ಡಿಪಿಐಯಲ್ಲಿ (ಪ್ರತಿ ಇಂಚಿಗೆ 600 ಚುಕ್ಕೆ), ಮುದ್ರಣದ ಚುಕ್ಕೆಗಳ ವಿನ್ಯಾಸ ಅಳಿಸುವ ಡಿಸ್ಕ್ರೀನ್ ಆಯ್ಕೆಯೊಂದಿಗೆ ಚೆನ್ನಾಗಿ ಬರುತ್ತಿವೆ. ತೊಡಕು ಅಕ್ಷರಗಳಿಗೆ ಒತ್ತಿದ ಚಿನ್ನದ ಬಣ್ಣದ ಹೊಳೆಯುವ ತೆಳು ಪದರದ್ದು, ಅಂದರೆ ಫಾಯಿಲ್‌ನದು. ಸ್ಕ್ಯಾನರ್‌ನ ಬೆಳಕು ಸೆನ್ಸರ್‌ಗೆ ಬೀಳದೆ ಬೇರೆಡೆ ಪ್ರತಿಫಲಿಸುವುದರಿಂದ ಅಕ್ಷರ ಕಪ್ಪಾಗುತ್ತದೆ. ಎರಡೂ ಬದಿ 45 ಡಿಗ್ರಿಯಲ್ಲಿ ದೀಪವಿಟ್ಟು ಫೋಟೊ ತೆಗೆದರೂ ಅಷ್ಟೇ. ಎದುರು ಬಿಳಿ ರಟ್ಟು ಹಿಡಿದರೆ ಫಾಯಿಲ್ ಹೊಳೆಯುತ್ತದೆ, ಆದರೆ ಲ್ಯಾಮಿನೇಶನ್ ಮೇಲೂ ಬಿಳುಪು ಕವಿದು ಬಣ್ಣ ಸಪ್ಪೆಯಾಗುತ್ತದೆ. ಎರಡು ಫೋಟೊ ಜೋಡಿಸುವುದೊಂದೇ ದಾರಿಯೇ? ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಬಳಸಿದವರು ದಯವಿಟ್ಟು ವಿವರವಾಗಿ ಹೇಳಿ.

ಇನ್ನೊಂದು: 1937ರ ‘ದಿ ಹಾಬಿಟ್’ ಹೊದಿಕೆಯ ಚಿತ್ರವನ್ನು ಲೇಖಕ ಟೋಲ್ಕಿನ್ ತಾವೇ ಬಿಡಿಸಿದರು, ಸೂರ್ಯನಿಗೆ ಅವರು ಬಯಸಿದ ಕೆಂಪು ಖರ್ಚಿನ ಕಾರಣಕ್ಕೆ ಬಿಟ್ಟುಹೋಯಿತು. ಇಂಥ ಹಿನ್ನೆಲೆಯಿರುವ ಬೇರೆ ಮುಖಪುಟಗಳನ್ನೂ ಸೂಚಿಸಿ.