ಕತ್ತಲೆ ಮನೆ, ಕರಿ ನಾಯಿ: ಒಳಗೆ ಫೋಟೊ ಹೇಗೆ ತೆಗೀತೀರಿ?

ಕರಿಯನ ಮನೆ: ಕಲಬುರಗಿ ಹಳೇ ಊರಲ್ಲಿ ನಮ್ಮದು ಕಲ್ಲುಗೋಡೆ ಮನೆ. ಕಿಟಕಿ ಎರಡೇ, ಅವನ್ನೂ ಬಿಸಿಲಿಗೆ ಹೆದರಿ ಬೆಳಿಗ್ಗೆ 9ಕ್ಕೇ ಮುಚ್ಚುತ್ತೇವೆ. ನಾಯಿ ಪೂರ್ತಿ ಕಪ್ಪು. ದಿನವಿಡೀ ಪರಸಿ ಮೇಲೆ ಬಿದ್ದಿರುತ್ತಾನೆ. ಫೋಟೊದಲ್ಲಿ ಬರೀ ಕಪ್ಪು ಮುದ್ದೆ. ನೈಟ್ ಮೋಡ್ ಹಾಕಿದರೆ ಬಾಲ ಮೂರಾಗುತ್ತೆ. ನನ್ನ ಹತ್ರ ಮೊಬೈಲ್ ಮಾತ್ರ ಇದೆ. ಅನುಭವ ಇದ್ದವರು ಹೇಳಿ.

ಸೇಡಂ ರಸ್ತೆ: ಕ್ಯಾಮೆರಾ ಮತ್ತು 50 ಎಂಎಂ 1.8 ಲೆನ್ಸ್ ತಗೊಳ್ಳಿ, ಮಾತೇ ಬೇಡ. ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸಲ್ಲಿ ನಾನು ಎರಡು ವರ್ಷ ಹಾಳು ಮಾಡಿಕೊಂಡೆ. ಜೂಮ್ ಮಾಡಿದರೆ ಬೆಳಕಿನ ಕಿಂಡಿ 5.6ಕ್ಕೆ ನಿಲ್ಲುತ್ತೆ, ಈ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಐಎಸ್‌ಒ (ಬೆಳಕು ಹಿಡಿಯೋ ಸೂಕ್ಷ್ಮತೆ) 6400 ಇಟ್ಟರೂ ಶಟರ್ ವೇಗ 1/30 ಸೆಕೆಂಡ್ ದಾಟುತ್ತಿರಲಿಲ್ಲ. 1.8ರಲ್ಲಿ ಹತ್ತಿರಹತ್ತಿರ 10 ಪಟ್ಟು ಬೆಳಕು, 1/250 ಆರಾಮಾಗಿ ಸಿಕ್ಕಿತು. ಹೈದರಾಬಾದಿಗೆ ಹೋಗಿ ತಂದೆ. ಲೆನ್ಸ್ 8,900, ಫಿಲ್ಟರ್ 600, ರೈಲು ಊಟ ಎಲ್ಲ ಸೇರಿ 740, ಚಹಾ 60. ಮನೇಲಿ 3,000 ಅಂತ ಹೇಳಿದ್ದೆ. ಪ್ಯಾಂಟ್ ಒಗೆಯೋವಾಗ ಜೇಬಲ್ಲಿ ಬಿಲ್ ಸಿಕ್ಕಿತು. ಆದರೂ ನನಗೆ ಬೇಜಾರಿಲ್ಲ.

ಬೀದರ್ ಅಕ್ಕ: ಬೇಜಾರು ನನಗಿದೆ. ಯಾರೋ ಹೀಗೇ ಹೇಳಿದ್ದು ಕೇಳಿ ಅದೇ 50 ತಂದೆ. ನನ್ನದು ಸಣ್ಣ ಸೆನ್ಸರ್ ಕ್ಯಾಮೆರಾ, ಅದರಲ್ಲಿ ಅದು 80 ಎಂಎಂ ಲೆನ್ಸಿನ ಹಾಗೆ ಹತ್ತಿರ ಎಳೆದುಬಿಡುತ್ತೆ. ರೂಮು 10ಕ್ಕೆ 10. ಬೆನ್ನು ಅಲ್ಮಾರಿಗೆ ತಾಗಿದರೂ ಬೆಕ್ಕಿನ ಕಿವಿ ಫ್ರೇಮಿನಾಚೆ. ಮೂಗು ಸ್ಪಷ್ಟ ಬಂದರೆ ಕಣ್ಣು ಮಸುಕು. 2,800 ಲುಕ್ಸಾನು ಮಾಡಿಕೊಂಡು ಮಾರಿ, ಇನ್ನೂ ಅಗಲ ಕಾಣೋ 35ಕ್ಕೆ ಬದಲಾಯಿಸಿದೆ. ನಮ್ಮ ಬೆಕ್ಕೂ ಕಪ್ಪೇ. ಬಿದ್ರಿ ಹೂದಾನಿ ಪಕ್ಕ ಕೂತರೆ ಹೂದಾನಿಯ ಬೆಳ್ಳಿ ಬಳ್ಳಿಯಾದರೂ ಕಾಣುತ್ತೆ, ಬೆಕ್ಕು ಕಾಣಲ್ಲ.

ಸೇಡಂ ರಸ್ತೆ: ಅಕ್ಕಾ, ರೂಮು ಸಣ್ಣದಾದರೆ ಲೆನ್ಸ್ ಏನು ಮಾಡುತ್ತೆ?

ತೊಗರಿ ಕಣಜ: ಲೆನ್ಸ್ ಜಗಳ ಬಿಡಿ. ಫ್ಲ್ಯಾಶ್ ತಗೊಂಡು ಮೇಲಕ್ಕೆ ತಿರುಗಿಸಿ, ಛಾವಣಿಗೆ ತಾಗಿ ಮೆತ್ತಗೆ ಬೆಳಕು ಇಳಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ 4,200 ಕೊಟ್ಟೆ. ನಮ್ಮದು ಜಂತಿ ಮಾಳಿಗೆ, ಅಜ್ಜಿ ಕಾಲದ ಒಲೆ ಹೊಗೆ ಕುಡಿದು ಕರ್ರಗಾಗಿದೆ. ಬೆಳಕೆಲ್ಲ ಅದೇ ನುಂಗಿತು. ಗೋಡೆಗೆ ತಿರುಗಿಸಿದೆ. ಗೋಡೆ ಹಸಿರು. ಬಿಳಿ ನಾಯಿ ಗಿಳಿ ಆಯಿತು! ಕೊನೆಗೆ ಎರಡು ಜಂತಿಗೆ ಹಗ್ಗ ಕಟ್ಟಿ ಅಪ್ಪನ ಧೋತರ ತೂಗುಹಾಕಿದೆ. ಫೋಟೊ ಬಂತು. ಅಪ್ಪ ಒಂದು ವಾರ ಮಾತಾಡಲಿಲ್ಲ.

ಬೀದರ್ ಅಕ್ಕ: ಮೂಕ ಪ್ರಾಣಿ ಕಣ್ಣಿಗೆ ಫ್ಲ್ಯಾಶ್ ಹೊಡೆಯೋಕೆ ಮನಸ್ಸು ಹೇಗೆ ಬರುತ್ತೆ ನಿಮಗೆ? ಅವುಗಳ ಕಣ್ಣಿನ ಹಿಂದೆ ಬೆಳಕು ತಿರುಗಿಸೋ ಪದರ ಇರುತ್ತೆ, ಅದಕ್ಕೇ ಕಣ್ಣು ಹಸಿರು ಹೊಳೆಯೋದು.

ತೊಗರಿ ಕಣಜ: ಅಕ್ಕೋರೇ, ಧೋತರಕ್ಕೆ ಹೊಡೆದೆ ಅಂತ ಬರೆದಿದ್ದೀನಿ. ಓದಿ ಬೈಯಿರಿ.

ಯಾದಗಿರಿ ಹುಡುಗ: ಆ 1/250 ನಂಬಿ ನಾನು ಹಾಳಾದೆ. ಎಲ್‌ಇಡಿ ಬಲ್ಬ್ ಕೆಳಗೆ ನಾಯಿ ಮೇಲೆ ಅಡ್ಡಪಟ್ಟೆ, ಹುಲಿ ಥರ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಗುಲ್ಬರ್ಗಾದಲ್ಲಿ ರಿಪೇರಿಗೆ ಕೊಟ್ಟೆ. 11 ದಿನ ಇಟ್ಟುಕೊಂಡು, ಏನೂ ಆಗಿಲ್ಲ ಅಂತ ಹೇಳಿ 1,500 ತಗೊಂಡರು. ಬಸ್ಸಿಗೆ ಎರಡು ಸಲ ಓಡಾಡಿದ್ದು ಬೇರೆ. ಆಮೇಲೆ ಗೊತ್ತಾಯಿತು, ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಒಂದು ಪೂರ್ತಿ ಮಿಣುಕು ಹಿಡಿಯೋ ಹಾಗೆ ಶಟರ್ 1/100ಕ್ಕೆ ಇಳಿಸಿದೆ, ಪಟ್ಟೆ ಮಾಯ.

ಸೇಡಂ ರಸ್ತೆ: 1/100ರಲ್ಲಿ ಓಡೋ ನಾಯಿ ಮಸುಕಾಗಲ್ವಾ? ಒಳ್ಳೇ ಬಲ್ಬ್ ಹಾಕೋದು ಬಿಟ್ಟು ನನ್ನ ಮೇಲೆ ಯಾಕೆ? ಮತ್ತೆ ಅದು ಗುಲ್ಬರ್ಗಾ ಅಲ್ಲ, ಕಲಬುರಗಿ. ಹೆಸರು 2014ರಲ್ಲೇ ಬದಲಾಗಿದೆ.

ಯಾದಗಿರಿ ಹುಡುಗ: ನಿಮ್ಮ ಊರಿನ ಕಂಡಕ್ಟರಿಗೆ ಮೊದಲು ಹೇಳಿ ಸರ್. ಬಸ್‌ಸ್ಟ್ಯಾಂಡಲ್ಲಿ ಗುಲ್ಬರ್ಗಾ ಗುಲ್ಬರ್ಗಾ ಅಂತಲೇ ಕೂಗ್ತಾರೆ.

ತೊಗರಿ ಕಣಜ: ನಮ್ಮಜ್ಜಿ ಮೊದಲಿಂದ ಕಲಬುರ್ಗಿ ಅಂತಿದ್ದಳು. ಇಬ್ಬರೂ ಸುಮ್ನಿರಿ.

ಅಗಸಿ ಬಾಗಿಲು: ಬೆಳಿಗ್ಗೆ 7ಕ್ಕೆ ಬಾಗಿಲು ತೆಗೆದು ಹೊಸ್ತಿಲ ಒಳಗೆ ಮಲಗಿಸಿ. ಬೆಳಕು ಪಕ್ಕದಿಂದ ಬಿದ್ದರೆ ಕೂದಲು ಮಿಂಚುತ್ತೆ. ನೈಟ್ ಮೋಡ್ ಬೇಡ, ಅದು ಹಲವು ಫೋಟೊ ಸೇರಿಸುತ್ತೆ, ಮೂರು ಬಾಲ ಅದಕ್ಕೇ. ಫೋನ್ ಸ್ಕ್ರೀನಲ್ಲಿ ನಾಯಿ ಕಣ್ಣಿನ ಮೇಲೆ ಬೆರಳಿಟ್ಟು, ಅಲ್ಲೇ ಫೋಟೊದ ಬೆಳಕು ಕೊಂಚ ಇಳಿಸಿ. ಇಲ್ಲದಿದ್ದರೆ ಕರಿ ನಾಯೀನ ಬೂದಿ ಬಣ್ಣ ಮಾಡೋಕೆ ಹೋಗಿ ಫೋನು ಶಟರ್ ನಿಧಾನ ಮಾಡುತ್ತೆ.

ಬೀದರ್ ಅಕ್ಕ: ಧೋತರಕ್ಕೆ ಹೊಡೆದರೂ ಬೆಕ್ಕು ಬೆಚ್ಚಿಬೀಳುತ್ತೆ. ನಮ್ಮದು ಎರಡು ದಿನ ಮಂಚದ ಕೆಳಗಿಂದ ಬರಲಿಲ್ಲ.

ಕರಿಯನ ಮನೆ: ಅಗಸಿ ಬಾಗಿಲು ಅವರೇ, ಇವತ್ತು ಬೆಳಿಗ್ಗೆ ಬಾಗಿಲು ತೆಗೆದೆ. ಕರಿಯ ಒಂದೇ ಹಾರಿಗೆ ಓಣಿ ಸೇರಿದ. ಒಂದು ಫೋಟೊ ಸಿಕ್ಕಿದೆ. ಬಾಲ ಒಂದೇ ಬಂದಿದೆ, ಕೂದಲು ಕೂದಲು ಕಾಣುತ್ತೆ. ನಾಯಿ ಬಂದಿಲ್ಲ. ನಾಳೆ ಮೊದಲು ಸರಪಳಿ ಹಾಕ್ತೀನಿ.

ಸೇಡಂ ರಸ್ತೆ: ಅದಕ್ಕೇ 50 ಬೇಕು ಅಂದಿದ್ದು. ನನ್ನದೇ ಕೊಡ್ತೀನಿ, 6,500. ನಾನೂ 35 ನೋಡ್ತಿದ್ದೀನಿ.

ಬೀದರ್ ಅಕ್ಕ: ಈಗ ಬಂತಾ ದಾರಿಗೆ!