ಪದಚರ್ಚೆ: ‘ಉಳಿಸಿದ ಚಿತ್ರ’, ‘ಕಂಡುಬಂದಿಲ್ಲ’ – ಎಐ ಏಜೆಂಟ್ ಓದುವ ಟೂಲ್ ವಿವರಣೆಗೆ ಯಾವ ಪದ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡ್ರಾ.ಐಒ ಮತ್ತು ಎಕ್ಸ್‌ಕ್ಯಾಲಿಡ್ರಾ ಎಂಬ ಡಯಾಗ್ರಾಂ ಬರೆಯುವ ತಂತ್ರಾಂಶಗಳ ಕಡತಗಳಲ್ಲಿ ಹುಡುಕಿಕೊಡುವ ಒಂದು ಎಂಸಿಪಿ ಸರ್ವರ್‌ಗೆ (ಎಐ ಏಜೆಂಟ್ ತಾನೇ ಕರೆದು ಬಳಸುವ ಟೂಲ್‌ಗಳನ್ನು ಒದಗಿಸುವ ಪ್ರೋಗ್ರಾಂಗೆ) ಕನ್ನಡ ದಾಖಲೆ ಬರೆಯಬೇಕಿದೆ. ಡಯಾಗ್ರಾಂಗಳ ಲೇಬಲ್ ಕನ್ನಡದಲ್ಲಿರುವುದರಿಂದ ಏಜೆಂಟ್ ಓದುವ ಟೂಲ್ ವಿವರಣೆಯೂ ಕನ್ನಡದಲ್ಲೇ ಇರಲಿ ಎಂದಿದೆ. ಸದ್ಯದ ಕರಡು ಹೀಗಿದೆ: “ಉಳಿಸಿದ ಚಿತ್ರಗಳನ್ನು ಶೋಧಿಸುವ ಸಾಧನ. ಪ್ರಶ್ನೆ ಕೊಟ್ಟರೆ ಫಲಿತಾಂಶ ನೀಡುತ್ತದೆ. ಇಲ್ಲದಿದ್ದರೆ ‘ಕಂಡುಬಂದಿಲ್ಲ’ ಎನ್ನುತ್ತದೆ.” ಚಿತ್ರ, ಉಳಿಸಿದ, ಸಾಧನ, ಪ್ರಶ್ನೆ, ಕಂಡುಬಂದಿಲ್ಲ – ಈ ಐದೂ ಸರಿಯೇ?

ಉತ್ತರ

ಐದರಲ್ಲಿ ನಿಜವಾಗಿ ಕೆಲಸ ಕೆಡಿಸುವುದು ಕೊನೆಯದು, ಆದ್ದರಿಂದ ಅದೇ ಮೊದಲಿಗೆ.

ಹುಡುಕುವ ಟೂಲ್ ಎರಡು ಬಗೆಯಲ್ಲಿ ‘ಇಲ್ಲ’ ಎನ್ನಬಹುದು. ಹುಡುಕಾಟ ಸರಿಯಾಗಿ ನಡೆದು ಒಂದೂ ಹೊಂದಲಿಲ್ಲ ಎನ್ನುವುದು ಒಂದು. ಫೋಲ್ಡರ್ ತೆರೆಯಲಿಲ್ಲ, ಹಾಗಾಗಿ ಹುಡುಕಾಟವೇ ನಡೆಯಲಿಲ್ಲ ಎನ್ನುವುದು ಇನ್ನೊಂದು. ಎಂಸಿಪಿಯಲ್ಲಿ ಎರಡನೆಯದಕ್ಕೆ ‘ಈಸ್‌ಎರರ್’ (isError, ‘ದೋಷವಾಗಿದೆಯೇ’ ಎಂಬ) ಗುರುತನ್ನು ಟ್ರೂ (ಹೌದು) ಮಾಡಿ ಕಳಿಸಬೇಕು. ಆದರೆ ಏಜೆಂಟ್ ಮುಖ್ಯವಾಗಿ ಓದುವುದು ಜೊತೆಗಿರುವ ಪಠ್ಯವನ್ನು. ಎರಡೂ ಕಡೆ ‘ಕಂಡುಬಂದಿಲ್ಲ’ ಎಂದೇ ಇದ್ದರೆ, ಅನುಮತಿ ಇಲ್ಲದೆ ಫೋಲ್ಡರ್ ತೆರೆಯದೇ ಹೋದಾಗಲೂ ಅದು ‘ನಿಮ್ಮಲ್ಲಿ ಅಂಥ ಡಯಾಗ್ರಾಂ ಇಲ್ಲ’ ಎಂದುಬಿಡಬಹುದು. ಹೊಸದನ್ನು ರಚಿಸುವ ಟೂಲೂ ಕೈಯಲ್ಲಿದ್ದರೆ ಅದೇ ಡಯಾಗ್ರಾಂನ ಎರಡನೇ ಪ್ರತಿ ಹುಟ್ಟುತ್ತದೆ.

ಇದಕ್ಕೆ ಕನ್ನಡದಲ್ಲಿ ಹೊಸ ಪದ ಕಟ್ಟಬೇಕಾಗಿಯೇ ಇಲ್ಲ. ‘ಹುಡುಕು’ ಪ್ರಯತ್ನ, ‘ಸಿಗು’ ಅದರ ಫಲ. ಸೊನ್ನೆ ಫಲಿತಾಂಶಕ್ಕೆ “12 ಕಡತ ಹುಡುಕಿದೆ, ಯಾವುದೂ ಸಿಗಲಿಲ್ಲ”. ದೋಷಕ್ಕೆ “ಹುಡುಕಲು ಆಗಲಿಲ್ಲ: ಫೋಲ್ಡರ್ ಓದಲು ಅನುಮತಿ ಇಲ್ಲ. ಬೇರೆ ಫೋಲ್ಡರ್ ಕೊಟ್ಟು ಮತ್ತೆ ಕರೆಯಿರಿ”. ಎಷ್ಟು ಕಡತ ನೋಡಿತು ಎನ್ನುವ ಅಂಕಿ ಬಿಡಬೇಡಿ, ‘0 ಕಡತ’ ಎಂದು ಬಂದರೆ ದಾರಿಯೇ ತಪ್ಪಿದೆ ಎಂದು ತಿಳಿಯುತ್ತದೆ. ‘ಹುಡುಕಲಾಗಲಿಲ್ಲ’ ಎಂದು ಕೂಡಿಸಿಯೂ ಬರೆಯಬೇಡಿ. ಆಗದೇ ಹೋಯಿತೋ, ಯಾರೂ ಹುಡುಕಲೇ ಇಲ್ಲವೋ ಎಂಬ ಎರಡರ್ಥ ಅದರಲ್ಲಿದೆ.

‘ಉಳಿಸಿದ’ ಒಂಟಿಯಾಗಿದ್ದರೆ ತೊಂದರೆ ಇಲ್ಲ. ಆದರೆ ಫಲಿತಾಂಶ ಕಂತುಕಂತಾಗಿ ಬರುವಲ್ಲಿ ‘ಉಳಿದ 10 ಡಯಾಗ್ರಾಂ’ ಎನ್ನಬೇಕಾಗುತ್ತದೆ. ‘ಉಳಿಸಿದ 10’, ‘ಉಳಿದ 10’ – ನಡುವೆ ಇರುವುದು ಒಂದೇ ‘ಸಿ’. ಮೊದಲನೆಯದನ್ನು ‘ಸಂಗ್ರಹದಲ್ಲಿರುವ’ ಎಂದೂ ಎರಡನೆಯದನ್ನು ‘ಇನ್ನೂ 10 ಇವೆ’ ಎಂದೂ ಬರೆದರೆ ಗೊಂದಲ ಹೋಗುತ್ತದೆ.

ಶಾಲೆಯ ‘ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ಗೆ ‘ಚಿತ್ರ’ ಸಾಕು. ಕಂಪ್ಯೂಟರಿನಲ್ಲಿ ಫೋಟೊ, ಸ್ಕ್ರೀನ್‌ಶಾಟ್ ಎಲ್ಲವೂ ಚಿತ್ರವೇ, ‘ಜಾತ್ರೆಯ ಚಿತ್ರ ಹುಡುಕು’ ಎಂದರೂ ಏಜೆಂಟ್ ಈ ಟೂಲನ್ನೇ ಕರೆಯಬಹುದು. ‘ನಕ್ಷೆ’ ಇನ್ನೂ ಕಷ್ಟ: ಭೂಗೋಳದಲ್ಲಿ ಮ್ಯಾಪ್, ಗಣಿತದಲ್ಲಿ ಗ್ರಾಫ್, ಮನೆ ಕಟ್ಟುವವರಿಗೆ ಪ್ಲಾನ್. ‘ರೇಖಾಚಿತ್ರ’ ಕಲಾವಿದರ ಗೆರೆಚಿತ್ರವೂ ಹೌದು. ನನ್ನ ಆಯ್ಕೆ ‘ಡಯಾಗ್ರಾಂ’. ಬಳಸುವವರು ರೇಖಾಚಿತ್ರ ಎಂದೂ ಕೇಳುತ್ತಾರಾದ್ದರಿಂದ ವಿವರಣೆಯಲ್ಲಿ ಆ ಪದವೂ ಒಮ್ಮೆ ಬರಲಿ. ಯಾವುದನ್ನು ಹುಡುಕುವುದಿಲ್ಲ ಎನ್ನುವುದನ್ನೂ ಬರೆಯಿರಿ, ತಪ್ಪು ಕರೆಗಳನ್ನು ತಡೆಯುವುದು ಆ ಸಾಲೇ.

ಫೋನಿನ ಮೆನುಗಳಲ್ಲಿ ‘ಸಾಧನ’ ಎಂದರೆ ಡಿವೈಸ್, ಹಾಗಾಗಿ ಇಲ್ಲಿ ‘ಟೂಲ್’ ಇರಲಿ. ‘ಪ್ರಶ್ನೆ’ ಎಂದರೆ ಏಜೆಂಟ್ ‘ಪಾವತಿ ವಿಫಲವಾದರೆ ಏನಾಗುತ್ತದೆ?’ ಎಂದು ಇಡೀ ವಾಕ್ಯ ಕಳಿಸಬಹುದು. ಅಕ್ಷರ ಹೋಲಿಸಿ ಹುಡುಕುವ ಟೂಲಿಗೆ ಅದರಿಂದ ಸಿಗುವುದು ಸೊನ್ನೆ. ‘ಹುಡುಕುಪದ’ ಎನ್ನಿ, ಎಷ್ಟು ಪದ ಎಂದೂ ಹೇಳಿ.

ಕೇಳದಿದ್ದರೂ ಒಂದು ಮಾತು: ‘ಏಜೆಂಟರು ಹುಡುಕುತ್ತಾರೆ’ ಎಂದರೆ ವಿಮೆಯವರು ನೆನಪಾಗುತ್ತಾರೆ. ‘ಏಜೆಂಟ್ ಹುಡುಕುತ್ತದೆ’, ‘ಏಜೆಂಟ್‌ಗಳು’ ಎಂದು ನಪುಂಸಕದಲ್ಲೇ ಬರೆಯಿರಿ. ಟೂಲಿನ ಹೆಸರು ಮಾತ್ರ ರೋಮನ್ ಅಕ್ಷರದಲ್ಲಿರಲಿ. ಅಲ್ಲಿ ರೋಮನ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಬಿಟ್ಟು ಬೇರೇನನ್ನೂ ಒಪ್ಪದ ಎಪಿಐಗಳಿವೆ (ಪ್ರೋಗ್ರಾಂಗಳು ಎಐ ಮಾದರಿಯನ್ನು ಕರೆಯುವ ವ್ಯವಸ್ಥೆಗಳು).

ತಿದ್ದಿದ ಕರಡು: “ಸಂಗ್ರಹದಲ್ಲಿರುವ ಡಯಾಗ್ರಾಂಗಳ (ರೇಖಾಚಿತ್ರಗಳ) ಲೇಬಲ್ ಮತ್ತು ಶೀರ್ಷಿಕೆಗಳಲ್ಲಿ ಹುಡುಕುತ್ತದೆ. ಹುಡುಕುಪದ: ಲೇಬಲ್‌ನಲ್ಲಿ ಇರಬಹುದಾದ 1ರಿಂದ 3 ಪದ, ಪೂರ್ತಿ ವಾಕ್ಯ ಬೇಡ. ಫೋಟೊ, ಸ್ಕ್ರೀನ್‌ಶಾಟ್ ಹುಡುಕುವುದಿಲ್ಲ. ಕಡತಗಳನ್ನು ಬದಲಿಸುವುದಿಲ್ಲ.”

ಇನ್ನೊಬ್ಬರ ಸೇರಿಕೆ

ಮೇಲಿನದೆಲ್ಲ ಒಪ್ಪಿಗೆ. ಆದರೆ ‘1ರಿಂದ 3 ಪದ’ ಎಂದಷ್ಟೇ ಹೇಳಿದರೆ ಕನ್ನಡದಲ್ಲಿ ಸಾಲದು, ಪದ ಯಾವ ರೂಪದಲ್ಲಿರಬೇಕು ಎಂದೂ ಹೇಳಬೇಕು. ಏಜೆಂಟ್ ‘ಸರ್ವರ್’ ಎಂದು ಕಳಿಸುತ್ತದೆ, ಲೇಬಲ್‌ನಲ್ಲಿ ‘ಸರ್ವರಿಗೆ’ ಇದೆ. ಪದದ ಮೊದಲ ಭಾಗ ಹೋಲಿಸುವ ಹುಡುಕಾಟವೂ ಇಲ್ಲಿ ಸೋಲುತ್ತದೆ, ಏಕೆಂದರೆ ಒಂದರಲ್ಲಿ ‘ರ’ದ ಮೇಲೆ ಹಲಂತ, ಇನ್ನೊಂದರಲ್ಲಿ ಇಕಾರ. ಹುಡುಕುಪದದ ಕೊನೆಯ ಹಲಂತವನ್ನೂ ಉಕಾರವನ್ನೂ ಟೂಲ್ ತೆಗೆದುಹಾಕಿದರೆ ‘ಸರ್ವರ’ ಎಂಬುದು ಸರ್ವರ್, ಸರ್ವರಿಗೆ, ಸರ್ವರ್‌ನಲ್ಲಿ ಎಲ್ಲಕ್ಕೂ ಹೊಂದುತ್ತದೆ, ‘ದಾಸ್ತಾನು’ ಹುಡುಕಿದರೆ ‘ದಾಸ್ತಾನಿನ’ ಸಿಗುತ್ತದೆ. ‘ಸರ್ವರೂ’ ಕೂಡ ಸಿಗುತ್ತದೆ ನಿಜ, ಡಯಾಗ್ರಾಂ ಲೇಬಲ್‌ಗಳಲ್ಲಿ ಅದು ಅಪರೂಪ. ದಾಖಲೆಯಲ್ಲಿ “ವಿಭಕ್ತಿ ಪ್ರತ್ಯಯ ಸೇರಿಸದೆ ಪದ ಕೊಡಿ” ಎಂಬ ಸಾಲು ಇರಲಿ.

ಇನ್ನು ಕಣ್ಣಿಗೆ ಕಾಣದ ತೊಂದರೆ. ‘ಸಾಫ್ಟ್‌ವೇರ್’ನಲ್ಲಿ ‘ಟ್’ ಆದಮೇಲೆ ಒತ್ತಕ್ಷರ ಆಗದಂತೆ ತಡೆಯುವ ಚಿಹ್ನೆ ಕೂತಿರುತ್ತದೆ, ಅದರ ಯೂನಿಕೋಡ್ ಸಂಕೇತ ಯು+200ಸಿ. ಅದಿಲ್ಲದೆ ಟೈಪಿಸಿದವರದು ‘ಸಾಫ್ಟ್ವೇರ್’ ಆಗಿರುತ್ತದೆ. ಹೋಲಿಸುವ ಮುನ್ನ ಎರಡೂ ಕಡೆಯಿಂದ ಯು+200ಸಿಯನ್ನೂ ಅದರ ಜೋಡಿ, ಅಕ್ಷರ ಕೂಡಿಸುವ ಚಿಹ್ನೆ ಯು+200ಡಿಯನ್ನೂ ತೆಗೆದು, ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಸಂಕೇತಕ್ರಮದಲ್ಲಿ ಬರೆಯುವ ಯೂನಿಕೋಡ್ ರೂಪಕ್ಕೆ) ತನ್ನಿ. ‘ಕೋ’ದ ಓಕಾರ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳಾಗಿಯೂ ಬರಬಹುದು. ತೆಗೆಯುವುದು ಹೋಲಿಕೆಗೆ ಮಾತ್ರ. ತೋರಿಸುವ ಪಠ್ಯದಿಂದ ತೆಗೆದರೆ ‘ರ‍್ಯಾಂಕ್’ ಹೋಗಿ ಅರ್ಕಾವತ್ತಾಗುತ್ತದೆ.

ಡ್ರಾ.ಐಒ ಲೇಬಲ್‌ಗಳಲ್ಲಿ ಎಚ್‌ಟಿಎಂಎಲ್ (ವೆಬ್‌ಪುಟಗಳ ಗುರುತು ಭಾಷೆ) ಇರಬಹುದು. ಟ್ಯಾಗ್ ಅಳಿಸುವಾಗ ಆ ಜಾಗಕ್ಕೆ ಖಾಲಿ ಜಾಗ ಬಿಡದಿದ್ದರೆ ಎರಡು ಸಾಲಿನಲ್ಲಿದ್ದ ‘ಪಾವತಿ’, ‘ಸರ್ವರ್’ ಕೂಡಿ ‘ಪಾವತಿಸರ್ವರ್’ ಆಗುತ್ತದೆ. ಕೆಲವು ಕಡತಗಳಲ್ಲಿ ಡಯಾಗ್ರಾಂ ಭಾಗವನ್ನು ಡಿಫ್ಲೇಟ್‌ನಿಂದ ಕುಗ್ಗಿಸಿ ಬೇಸ್64ರಲ್ಲಿ (ಸಾದಾ ಅಕ್ಷರ, ಅಂಕಿಗಳ ಸಂಕೇತದಲ್ಲಿ) ಬರೆದಿರುತ್ತದೆ. ಬಿಚ್ಚದೆ ಹುಡುಕಿದರೆ ಏನೂ ಸಿಗದು. ಬಿಚ್ಚಲು ಬಾರದ ಟೂಲ್ ಅಂಥವನ್ನು ‘ಹುಡುಕಿದ ಕಡತ’ ಎಂದು ಲೆಕ್ಕ ಹಾಕಬಾರದು, “3 ಕಡತ ಓದಲು ಆಗಲಿಲ್ಲ” ಎಂದು ಬೇರೆಯೇ ಹೇಳಬೇಕು.