ಅಪ್ಪನ ಯೆಜ್ಡಿ: ಇಟ್ಟುಕೊಳ್ಳಲೋ, ಕೊಡಲೋ?

ಕೋಥ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ 1979ರ ಯೆಜ್ಡಿ ರೋಡ್‌ಕಿಂಗ್ ಬೈಕು ಹದಿನಾಲ್ಕು ವರ್ಷದಿಂದ ನಮ್ಮ ಹೌಸಿಂಗ್ ಸೊಸೈಟಿ ಪಾರ್ಕಿಂಗ್‌ನ ಮೂಲೆಯಲ್ಲಿ ನಿಂತಿದೆ. ಅಪ್ಪ ಹೋದ ವರ್ಷ ತೀರಿಕೊಂಡರು. ಜಾಗ ಖಾಲಿ ಮಾಡಿ ಅಂತ ಸೊಸೈಟಿಯವರು ಚೀಟಿ ಕೊಟ್ಟಿದ್ದಾರೆ. ಗುಜರಿಯವನು ತೂಕಕ್ಕೆ ಕೇಳುತ್ತಿದ್ದಾನೆ. ಇನ್ನೊಬ್ಬರು ಪೂರ್ತಿ ಬಿಚ್ಚಿ ಹೊಸದರ ಹಾಗೆ ಮಾಡಿಕೊಡ್ತೀನಿ ಅಂತ ದೊಡ್ಡ ಮೊತ್ತ ಹೇಳಿದ್ದಾರೆ. ನನಗೆ ಗೇರಿಲ್ಲದ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಗೊತ್ತಿಲ್ಲ. ಇಂಥ ಗಾಡಿ ಓಡಿಸಿದವರು, ಇಟ್ಟುಕೊಂಡವರು ನಿಮ್ಮ ಅನುಭವ ಹೇಳಿ.

ಆಕುರ್ಡಿ, ಪುಣೆ

ತಂಗಿ, ಕೊಡಬ್ಯಾಡ. ಹೊಸದರ ಹಂಗ ಮಾಡಸಲೂ ಬ್ಯಾಡ. ನಡುವ ಒಂದು ದಾರಿ ಐತಿ, ಹೇಳ್ತೀನಿ.

ನಾನು ಹುಬ್ಬಳ್ಳಿಯಂವ. 1974ರಾಗ ಕೆಲಸಕ್ಕಂತ ಇಲ್ಲಿಗೆ ಬಂದೆ. ಆಗ ಸ್ಕೂಟರಿಗೆ ಹೆಸರು ಬರಸಿದ್ರ ವರ್ಷಗಟ್ಟಲೆ ಕಾಯಬೇಕಿತ್ತು. ಚೇತಕ್ ಇದ ಆಕುರ್ಡಿಯೊಳಗ ತಯಾರಾಗತಿತ್ತು, ಆದ್ರ ಇಲ್ಲೇ ಇರೋ ನಮ್ಮ ಕೈಗೆ ಹತ್ತತಿದ್ದಿಲ್ಲ. ನಮ್ಮ ಭಾವ ಮೈಸೂರಾಗಿದ್ದ. "ನಮ್ಮ ಊರಾಗ ಮಾಡೋ ಗಾಡಿ ತಗೋ" ಅಂದ. ಹಂಗ ನನ್ನ ಮನಿಗೆ ಯೆಜ್ಡಿ ಬಂತು. ನಿಮ್ಮಪ್ಪನ ಗಾಡಿನೂ ಅಲ್ಲೇ ಹುಟ್ಟಿದ್ದು. 1961ರಾಗ ಐಡಿಯಲ್ ಜಾವಾ ಅಂತ ಮೈಸೂರಾಗ ಕಾರಖಾನಿ ಶುರುವಾತು, ಮುಂದ ಜಾವಾ ಹೋಗಿ ಯೆಜ್ಡಿ ಅನ್ನೋ ಹೆಸರು ಬಂತು, 1996ಕ್ಕ ಬಾಗಿಲು ಮುಚ್ಚಿತು. ಪರಊರಾಗಿದ್ದ ನಮಗ ಅದು ಊರಿನ ಗಾಡಿ. ನಾನು ಓಣಿ ತಿರುವಿಗೆ ಬಂದ್ರ ಸಾಕು, ಆ ಎರಡು ಸೈಲೆನ್ಸರಿನ ಸದ್ದು ಕೇಳಿ ಮನಿಯಾಗ ಚಹಾಕ್ಕ ಇಡತಿದ್ರು.

1983ರ ದೀಪಾವಳಿಗೆ ನಾನು, ನನ್ನ ಹೆಂಡ್ತಿ ಅದರ ಮ್ಯಾಲನ ಹುಬ್ಬಳ್ಳಿಗೆ ಹೋದ್ವಿ, ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಾತ್ರಜ್ ಘಾಟು ಸಲೀಸಾಗಿ ದಾಟಿತು. ಖಂಬಾಟ್ಕಿ ಏರಿನಾಗ ಟ್ರಕ್ಕಿನ ಹಿಂದ ಎರಡನೇ ಗೇರಿನಾಗ ತೆವಳಕೋತ ಹೋಗೋವಾಗ ಎಂಜಿನ್ ಕಾದು ಸೀಜ್ ಆತು, ಅಂದ್ರ ಒಳಗ ಹಿಡಕೊಂಡು ನಿಂತಬಿಟ್ಟಿತು. ಗಾಡಿ ಬಾಜೂಕ್ಕ ಹಚ್ಚಿದೆ. ನನ್ನ ಎದಿ ಹೊಡಕೋತಿತ್ತು, ಆಕಿ ಮಾತ್ರ ಸುಮ್ಮನ ಬುತ್ತಿ ಬಿಚ್ಚಿದ್ಲು: ಕಟಕ ರೊಟ್ಟಿ, ಶೇಂಗಾ ಹಿಂಡಿ. ಅರ್ಧ ತಾಸು ತಣ್ಣಗಾದ ಮ್ಯಾಲ ಎರಡನೇ ಕಿಕ್ಕಿಗೆ ಎದ್ದು ನಿಂತಿತು. ದಾರ್ಯಾಗಿನ ಒಂದು ಬಂಕಿನಾಗ ಪೆಟ್ರೋಲಿಗೆ ಕಲಸೋ ಎಣ್ಣಿ ಕಡಿಮಿ ಹಾಕಿದ್ರು, ನಾನೂ ನೋಡಿದ್ದಿಲ್ಲ. ಅವತ್ತಿನಿಂದ ಎಣ್ಣಿ ಬಾಟ್ಲಿ ನಾನೇ ಒಯ್ಯಾಕ ಹತ್ತಿದೆ. ಲೀಟರಿಗೆ 40 ಮಿಲಿ ಹಾಕಿ, ಗಾಡಿ ಎಡಕ್ಕ ಬಲಕ್ಕ ಅಳ್ಳಾಡಿಸಿ, ಆಮ್ಯಾಲ ಕಿಕ್. ಸಂಕೇಶ್ವರ ದಾಟಿ ಅಂಗಡಿ ಬೋರ್ಡಿನ್ಯಾಗ ಕನ್ನಡ ಕಂಡಾಗ ಆಕಿ ಹಿಂದಿನಿಂದ ಒಂದೊಂದನ್ನ ಜೋರಾಗಿ ಓದಕೋತ ಬಂದ್ಲು. ಆಕಿ ಈಗಿಲ್ಲ. ಗಾಡಿ ಐತಿ.

ಈಗ ಕೆಲಸದ ಮಾತು. ಮೊದಲು ಕಾಗದ, ಎಂಜಿನ್ ಆಮ್ಯಾಲ. ಆರ್‌ಸಿ ಪುಸ್ತಕ ಹುಡುಕು. ಎಂಜಿನ್ ನಂಬರು, ಚಾಸಿ ನಂಬರು ಪುಸ್ತಕಕ್ಕ ಕೂಡತಾವೇನು ನೋಡು. ಸೀಮೆಎಣ್ಣಿ ಅರಿವಿಲೆ ಒರಸು, ಮರಳು ಕಾಗದ ಹಚ್ಚಬ್ಯಾಡ, ಅಂಕಿ ಅಳಿಸಿದ್ರ ಮುಗೀತು. ಅಪ್ಪನ ಹೆಸರಿನಿಂದ ನಿನ್ನ ಹೆಸರಿಗೆ ತರಾಕ ಫಾರ್ಮ್ 31, ಜೊತಿಗೆ ಮರಣದ ದಾಖಲೆ, ಉಳಿದ ವಾರಸದಾರರ ಒಪ್ಪಿಗಿ. ಮೂರು ತಿಂಗಳೊಳಗ ಕೊಡಬೇಕಿತ್ತು, ತಡ ಆಗಿದ್ದಕ್ಕ ದಂಡ ಬೀಳಬಹುದು. ಖಾಸಗಿ ಗಾಡಿ ನೋಂದಣಿ 15 ವರ್ಷದ್ದು, ಆಮ್ಯಾಲ ಐದೈದು ವರ್ಷಕ್ಕ ಫಾರ್ಮ್ 25 ಕೊಟ್ಟು ಹೊಸದು ಮಾಡಸಬೇಕು, ಹಸಿರು ತೆರಿಗಿನೂ ಕಟ್ಟಬೇಕು. 15 ದಾಟಿದ್ದೆಲ್ಲಾ ಗುಜರಿಗೆ ಅಂತ ಮಂದಿ ಅಂಜಸ್ತಾರ, ಅದು ದಿಲ್ಲಿ ಕಡೆ ಮಾತು. ವಿಂಟೇಜ್ ಅಂತ ಮಾಡಸು ಅಂತಲೂ ಹೇಳ್ತಾರ. 2021ರ ಆ ನಿಯಮ 50 ವರ್ಷ ತುಂಬಿದ ಗಾಡಿಗೆ, ನಿಂದು ತುಂಬೂದು 2029ಕ್ಕ. ಆಗಲೂ ಅವಸರ ಮಾಡಬ್ಯಾಡ, ವಿಂಟೇಜ್ ಅಂತ ಕೊಡೋ ವಿಎ ನಂಬರಿನ ಗಾಡಿನ ದಿನಾ ಓಡಸಾಕ ಬಿಡೂದಿಲ್ಲ.

ಎಂಜಿನ್‌ಗೆ ಇಷ್ಟ ಮಾಡು. ಯಾರರ ಜೋರಾಗಿ ಕಿಕ್ ಹೊಡ್ಯಾಕ ಬಂದ್ರ ತಡಿ. ಪ್ಲಗ್ ಬಿಚ್ಚಿ ಆ ತೂತಿನಾಗ ಎರಡು ಚಮಚ ಎಣ್ಣಿ ಬಿಡು, ಮೂರು ದಿನ ಹಂಗ ಇರಲಿ. ಯೆಜ್ಡಿಯೊಳಗ ಗೇರೂ ಕಿಕ್ಕೂ ಒಂದ ಲಿವರ್. ಅದನ್ನ ಎಂಜಿನ್ ಕಡೆ ಒತ್ತಿ ಹಿಂದಕ್ಕ ಎತ್ತಿದ್ರ ಅದ ಕಿಕ್ ಆಗತೈತಿ. ಕಾಲು ಇಡದ ಕೈಲೆ ಮೆಲ್ಲಕ ಒತ್ತು. ಪಿಸ್ಟನ್ ಸರಿದ್ರ ಅರ್ಧ ಗೆದ್ದಂಗ. ಟ್ಯಾಂಕಿನಾಗಿನ ಹಳೆ ಪೆಟ್ರೋಲು ಚೆಲ್ಲು, ಸ್ವಲ್ಪ ಡೀಸೆಲ್ಲು, ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿದ್ರ ತುಕ್ಕು ಬಿಟ್ಟು ಬರತೈತಿ. ಎಂಜಿನ್ ಒಳಗ ತಿರುಗೋ ಕ್ರ್ಯಾಂಕಿನ ಎರಡೂ ಬಾಜೂ ಇರೋ ರಬ್ಬರ್ ಸೀಲು ಇಷ್ಟು ವರ್ಷದಾಗ ಕಲ್ಲಾಗಿರತಾವು, ಅವನ್ನ ಬದಲಿಸಲೇಬೇಕು, ಇಲ್ಲಂದ್ರ ಗಾಳಿ ಎಳಕೊಂಡು ಎಂಜಿನ್ ಮತ್ತ ಕಾಯತೈತಿ. ಸಾಮಾನಿಗೆ ಇಲ್ಲಿನ ನಾನಾ ಪೇಠ ಅನ್ನೋ ಪೇಟಿ ಸುತ್ತು. ಸಿಗದಿದ್ರ ರವಿವಾರ, ಬುಧವಾರ ಹಳೆ ಸಾಮಾನಿನ ಜುನಾ ಬಜಾರಿಗೆ ಹೋಗು. ಬಿಚ್ಚಿದ ಹಳೆ ಸಾಮಾನು ಗ್ಯಾರೇಜಿನಾಗ ಬಿಡಬ್ಯಾಡ, ಚೀಲದಾಗ ಹಾಕ್ಕೊಂಡು ಮನಿಗೆ ತಾ. ಮೈಸೂರಿನ ಅಸಲಿ ಸಾಮಾನು ಸವೆದಿದ್ರೂ ಈಗಿನ ನಕಲಿಗಿಂತ ಗಟ್ಟಿ.

ಬಣ್ಣದ ತಂಟೆಗೆ ಹೋಗಬ್ಯಾಡ. ಟ್ಯಾಂಕಿನ ಎರಡೂ ಕಡೆ ನಿಮ್ಮಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಸವೆದಿರತೈತಿ, ನೋಡು. ನಾನು ನನ್ನ ಗಾಡಿಗೆ ಹೊಸ ಬಣ್ಣ ಹೊಡಿಸೀನಿ. ಹಿಂದ ಕೂತು ಆಕಿ ಹಿಡಕೋತಿದ್ದ ಹಿಡಿಕಿಯ ಸವೆತನೂ ಅದರ ಜೋಡಿ ಹೋತು. ಇನ್ನ ಬರೂದಿಲ್ಲ.

ಮಾಟುಂಗಾ, ಮುಂಬೈ

ನಾನು ಕೊಟ್ಟವನು, ಹಾಗಾಗಿ ಹೇಳುತ್ತೇನೆ. ಉಡುಪಿ ಕಡೆಯಿಂದ ಬಂದ ಅಪ್ಪ ಇಲ್ಲಿನ ಹೋಟೆಲಿನಲ್ಲಿದ್ದರು. ಧಣಿಗಳ ಪದ್ಮಿನಿ ಕಾರನ್ನು ಕೊನೆಗೆ ಅವರೇ ಕೊಂಡರು. ಕುರ್ಲಾದಲ್ಲೇ ತಯಾರಾದ ಕಾರು, ಎಲ್ಲರೂ ಫಿಯೆಟ್ ಎನ್ನುತ್ತಿದ್ದರು. ಗೇರು ಸ್ಟೇರಿಂಗಿನ ಪಕ್ಕದಲ್ಲಿ. ಬೆಳಗಿನ ಜಾವ ದಾದರಿನಿಂದ ತರಕಾರಿ, ಬಾಳೆಎಲೆ ತರುವಾಗ ಮುಂದಿನ ಸೀಟಿನಲ್ಲಿ ಅಪ್ಪನಿಗೂ ಎಲೆಕಟ್ಟಿಗೂ ನಡುವೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದರು. ಇವತ್ತೂ ಬಾಳೆಎಲೆಯ ವಾಸನೆಯ ಜೊತೆಗೇ ನನಗೆ ಪೆಟ್ರೋಲಿನ ವಾಸನೆ ಬರುವುದುಂಟು.

2006ರಲ್ಲಿ ನಿಲ್ಲಿಸಲು ಜಾಗವಿಲ್ಲ ಅಂತ ಗುಜರಿಗೆ ಕೊಟ್ಟೆ. ಆಮೇಲೂ ರಸ್ತೆಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಗಳು ಇದ್ದವಲ್ಲ, ಅದೊಂದು ಸಮಾಧಾನ. ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೂ 20 ವರ್ಷದ ಗಡುವು ಮುಗಿದು, 2023ರ ಅಕ್ಟೋಬರ್ 30ರಿಂದ ಅದೂ ಇಲ್ಲ. ಸೊಸೈಟಿಗೆ ಲಿಖಿತವಾಗಿ ಅರ್ಜಿ ಕೊಡಿ ಅಕ್ಕಾ. ಎರಡು ಚಕ್ರದ ಜಾಗಕ್ಕೆ ಬಾಡಿಗೆ ಕಟ್ಟುತ್ತೇನೆ, ರಿಪೇರಿಗೆ ಇಷ್ಟು ತಿಂಗಳು ಬೇಕು ಅಂತ ಬರೆಯಿರಿ. ನಾನು ಅಷ್ಟನ್ನೂ ಕೇಳಿ ನೋಡಲಿಲ್ಲ.

ವಾಸ್ಕೊ, ಗೋವಾ

ನಮ್ಮ ಪಕ್ಕದ ಮನೆಯವರು ಮೂವತ್ತು ವರ್ಷ ಪೈಲಟ್ ಆಗಿದ್ದವರು. ಗೋವಾದಲ್ಲಿ ಬೈಕ್ ಟ್ಯಾಕ್ಸಿ ಓಡಿಸುವವರನ್ನು ಹಾಗೇ ಕರೆಯುವುದು. ಉಪ್ಪುಗಾಳಿಯಲ್ಲಿ ಹಳೆ ಗಾಡಿ ಉಳಿಸುವುದನ್ನು ಅವರಿಂದ ಕಲಿತೆ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಹಳೆ ಹತ್ತಿ ಚಾದರ ಸಾಕು. ಹೊಳೆಯುವ ಭಾಗಗಳಿಗೆಲ್ಲ ತೆಳ್ಳಗೆ ವ್ಯಾಸಲೀನ್ ಸವರಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇರುತ್ತದೆ, ಅದು ನೀರು ಹೀರುತ್ತದೆ, ಹಳೆ ರಬ್ಬರು ತಿನ್ನುತ್ತದೆ. ಮಳೆಗಾಲದಲ್ಲಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಇದ್ದದ್ದು ಉರಿದು ಎಂಜಿನ್ ತಾನಾಗಿ ಆರುವವರೆಗೆ ಬಿಡಿ. ಪೆಟ್ರೋಲ್ ಪೈಪನ್ನು ಎಥೆನಾಲ್ ತಡೆಯುವ ಹೊಸ ಜಾತಿಯದಕ್ಕೆ ಬದಲಿಸಿ.

ಕೋಥ್ರೂಡ್, ಪುಣೆ

ಎಲ್ಲರಿಗೂ ಕೈಮುಗಿಯುತ್ತೇನೆ. ಆರ್‌ಸಿ ಪುಸ್ತಕ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು, ನಂಬರು ಎರಡೂ ಸರಿಯಿವೆ. ಸೊಸೈಟಿಯವರು ದೀಪಾವಳಿವರೆಗೆ ಸಮಯ ಕೊಟ್ಟಿದ್ದಾರೆ. ಎಣ್ಣೆ ಬಿಟ್ಟು ನಾಲ್ಕನೇ ದಿನ ಲಿವರ್ ಕೈಯಲ್ಲೇ ಇಳಿಯಿತು. ಟ್ಯಾಂಕ್ ಒರೆಸಿದಾಗ ಎರಡೂ ಕಡೆ ಅಂಗೈಯಗಲ ಸವೆದದ್ದು ಕಂಡಿತು, ಎಡಗಡೆ ಹೆಚ್ಚು. ಬಣ್ಣ ಮಾಡಿಸುವುದಿಲ್ಲ. ಪ್ಲಗ್ಗಿನಲ್ಲಿ ಮಾತ್ರ ಕಿಡಿ ಬರುತ್ತಿಲ್ಲ.

ಆಕುರ್ಡಿ, ಪುಣೆ

ಕಿಡಿ ಹುಟ್ಟಸಾಕ ಕರೆಂಟು ಕಡಿಯೋ ಪಾಯಿಂಟಿಗೆ ಕಿಲುಬು ಕಟ್ಟಿರತೈತಿ. ಸಣ್ಣ ಕಾನಸಿಲೆ ತೀಡಿ, ಗ್ಯಾಪ್ 0.4 ಮಿಲಿಮೀಟರ್ ಇಡಬೇಕು. ರವಿವಾರ ಮುಂಜಾನೆ ಹತ್ತಕ್ಕ ನಾನೇ ಬರ್ತೀನಿ ತಂಗಿ, ಆ ಸಂದಿ ಅಳಿಯೋ ಫೀಲರ್ ಗೇಜ್ ನನ್ನ ಹತ್ತಿರ ಐತಿ. ನೀ ಬ್ಯಾಟರಿ ಒಂದು ಚಾರ್ಜಿಗೆ ಹಾಕಿ ಇಡು.